ಎರಡು ದಡಗಳ ನಡುವೆ ಅಲಿ ನವಾಜ್ ಜಂಗ್

ಕನಕಗಿರಿ ಸಮೀಪದ ನವಲಿ ಗ್ರಾಮದ ಹೆಸರು ಕೆಲವು ವರ್ಷಗಳಿಂದ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತಿರುವುದು ಸಮಾನಾಂತರ ಜಲಾಶಯದ ಕಾರಣಕ್ಕೆ. ತುಂಗಭದ್ರಾ ಜಲಾಶಯ ನಿರ್ಮಾಣಗೊಂಡಾಗ ಅದರ ಸಂಗ್ರಹ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ವರ್ಷ ವರ್ಷವೂ ಹೂಳು ಸೇರಿ, 2016ರ ಸಮೀಕ್ಷೆಯ ಹೊತ್ತಿಗೆ ಅದು 105.788 ಟಿಎಂಸಿ ಅಡಿಗೆ ಇಳಿದಿತ್ತು. ಹೀಗೆ ಕಳೆದುಹೋದ ಜಾಗಕ್ಕೆ ಪರ್ಯಾಯವಾಗಿ, ಮಳೆಗಾಲದಲ್ಲಿ ನದಿಯ ಪಾಲಾಗುವ ಹೆಚ್ಚುವರಿ ನೀರನ್ನು ಎಡದಂಡೆಯಿಂದ ಕಾಲುವೆಯ ಮೂಲಕ ಒಯ್ದು ನವಲಿಯ ಬಳಿ ನಿಲ್ಲಿಸಬೇಕೆಂಬುದು ಕರ್ನಾಟಕದ ಪ್ರಸ್ತಾವ. ಇದಕ್ಕಾಗಿ ಸಮೀಕ್ಷೆಗಳು ನಡೆದವು, ಯೋಜನಾ ವರದಿ ತಯಾರಾಯಿತು, ರಾಜ್ಯದ ಬಜೆಟ್ಟಿನಲ್ಲಿಯೂ ಪ್ರಸ್ತಾಪವಾಯಿತು. ಆದರೆ ತುಂಗಭದ್ರೆ ಒಂದು ರಾಜ್ಯಕ್ಕೆ ಸೇರಿದ ನದಿಯಲ್ಲ. ಆಂಧ್ರಪ್ರದೇಶ ಮತ್ತು ತೆಲಂಗಾಣಗಳ ಸಮ್ಮತಿಯಿಲ್ಲದೆ ಈ ಕೆಲಸ ಮುಂದಕ್ಕೆ ಹೋಗಲಾರದು. ಆಂಧ್ರಪ್ರದೇಶ ತನ್ನ ಕಡೆಯಿಂದ ಬಲದಂಡೆಯಲ್ಲಿ ಸಮಾನಾಂತರ ಕಾಲುವೆಯ ಬೇಡಿಕೆಯನ್ನು ಮುಂದಿಟ್ಟಿದೆ.

ಈ ಹಗ್ಗಜಗ್ಗಾಟವನ್ನು ನೋಡುವಾಗ ಒಬ್ಬ ವ್ಯಕ್ತಿಯ ನೆನಪಾಗುವುದು ಸಹಜ. ಅವರು ಹೈದರಾಬಾದ್ ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ನವಾಬ್ ಅಲಿ ನವಾಜ್ ಜಂಗ್ ಬಹಾದ್ದೂರ್. ಕರ್ನಾಟಕದಲ್ಲಿ ನಾವು ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರನ್ನು ಸ್ಮರಿಸುವಂತೆ, ತೆಲಂಗಾಣದಲ್ಲಿ ಜುಲೈ 11ರಂದು ಅಲಿ ನವಾಜ್ ಜಂಗ್ ಅವರ ಹೆಸರಿನಲ್ಲಿ ಎಂಜಿನಿಯರುಗಳ ದಿನ ಆಚರಿಸಲಾಗುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರುಗಳ ಭತ್ತದ ಗದ್ದೆಗಳಿಗೂ ಅವರ ದುಡಿಮೆಗೂ ನೇರವಾದ ನಂಟಿದೆ. ಆದರೂ ಈ ಭಾಗದಲ್ಲಿ ಅವರ ಹೆಸರನ್ನು ಬಲ್ಲವರು ವಿರಳ.

ಅವರ ಮೂಲ ಹೆಸರು ಮೀರ್ ಅಹ್ಮದ್ ಅಲಿ. ಜನಿಸಿದ್ದು 1877ರ ಜುಲೈ 11ರಂದು, ಹೈದರಾಬಾದಿನಲ್ಲಿ. ಆ ವರ್ಷವನ್ನು ದಖನ್ನಿನ ಜನ ಬೇರೆಯೇ ಕಾರಣಕ್ಕೆ ನೆನಪಿಟ್ಟುಕೊಂಡಿದ್ದರು. ಧಾತು ಮತ್ತು ಈಶ್ವರ ಸಂವತ್ಸರಗಳ ಮಹಾಕ್ಷಾಮ ಆಗ ಮದ್ರಾಸ್, ಮುಂಬಯಿ ಪ್ರಾಂತ್ಯಗಳನ್ನೂ ಮೈಸೂರು, ಹೈದರಾಬಾದ್ ಸಂಸ್ಥಾನಗಳನ್ನೂ ಏಕಕಾಲಕ್ಕೆ ಆವರಿಸಿತ್ತು. ಬಳ್ಳಾರಿ ಸೀಮೆ ಅತಿ ಹೆಚ್ಚು ನಲುಗಿದ ಪ್ರದೇಶಗಳಲ್ಲಿ ಒಂದಾಗಿತ್ತು. ಹೊಳೆಯ ಈಚೆಗಿನ ಎಡೆದೊರೆ ನಾಡು, ಅಂದರೆ ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ಸೀಮೆಯೂ ಅದೇ ಮಳೆಯ ನೆರಳಿನಲ್ಲಿತ್ತು. ಎರಡು ಮಹಾನದಿಗಳ ನಡುವೆ ಬದುಕುವ ಜನ ನೀರಿಲ್ಲದೆ ಗುಳೆ ಹೋಗಬೇಕಾದ ವಿಪರ್ಯಾಸ ಈ ನಾಡಿಗೆ ಹೊಸದಾಗಿರಲಿಲ್ಲ. ನದಿ ಕೆಳಗೆ, ಹೊಲ ಮೇಲೆ. ನೀರನ್ನು ಎತ್ತರಕ್ಕೆ ಏರಿಸಿ ನಿಲ್ಲಿಸುವ ಅಣೆಕಟ್ಟು ಇಲ್ಲದೆ ಅದು ಹೊಲಕ್ಕೆ ಬರುವಂತಿರಲಿಲ್ಲ. ವಿಜಯನಗರದ ಅರಸರ ಕಾಲದ ಕಾಲುವೆಗಳು ದಂಡೆಯ ಕೆಲವೇ ಊರುಗಳಿಗೆ ನೀರುಣಿಸುತ್ತಿದ್ದವು.

ತುಂಗಭದ್ರೆಗೆ ಅಡ್ಡಲಾಗಿ ಜಲಾಶಯ ಕಟ್ಟುವ ವಿಚಾರವನ್ನು ಸರ್ ಆರ್ಥರ್ ಕಾಟನ್ 1860ರಲ್ಲಿಯೇ ಸೂಚಿಸಿದ್ದರು. ಮದ್ರಾಸ್ ಸರ್ಕಾರದ ಎಂಜಿನಿಯರುಗಳು ಆ ಬಳಿಕವೂ ಮತ್ತೆ ಮತ್ತೆ ಅಳತೆ, ಅಂದಾಜುಗಳನ್ನು ಮಾಡಿದರು. ಆದರೆ ನದಿಯ ಬಲದಂಡೆ ಬ್ರಿಟಿಷ್ ಮದ್ರಾಸಿನದು, ಎಡದಂಡೆ ನಿಜಾಮರದು. ಮೇಲ್ಭಾಗದ ನೀರು ಮೈಸೂರಿನದು. ಮೂವರಲ್ಲಿ ಯಾರೊಬ್ಬರೂ ಇನ್ನಿಬ್ಬರನ್ನು ಬಿಟ್ಟು ಕಟ್ಟುವಂತಿರಲಿಲ್ಲ. ಕಾಟನ್ ಅವರ ಸೂಚನೆಯಿಂದ ಕಾಲುವೆಗೆ ನೀರು ಹರಿಯುವವರೆಗೆ 93 ವರ್ಷಗಳು ಕಳೆದವು. ಅಲಿ ನವಾಜ್ ಜಂಗ್ ಅವರ ಇಡೀ ಜೀವಿತಾವಧಿ ಈ 93 ವರ್ಷಗಳ ಒಳಗೇ ಅಡಗಿದೆ.

ಹೈದರಾಬಾದಿನಲ್ಲಿ ಆರಂಭದ ಶಿಕ್ಷಣ ಮುಗಿಸಿದ ಅಹ್ಮದ್ ಅಲಿ, ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಕೂಪರ್ಸ್ ಹಿಲ್ ಎಂಜಿನಿಯರಿಂಗ್ ಕಾಲೇಜಿಗೆ ತೆರಳಿದರು. ಭಾರತದ ಲೋಕೋಪಯೋಗಿ ಇಲಾಖೆಗಳಿಗೆ ಅಧಿಕಾರಿಗಳನ್ನು ತಯಾರು ಮಾಡಲೆಂದೇ ಸ್ಥಾಪನೆಯಾಗಿದ್ದ ಸಂಸ್ಥೆ ಅದು. 1899ರಲ್ಲಿ ಸ್ವದೇಶಕ್ಕೆ ಮರಳಿ ನಿಜಾಮ್ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದ್ ನಗರದ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಾಗ ಅವರು ಇಲಾಖೆಯ ಯುವ ಅಧಿಕಾರಿ. ಪ್ರವಾಹ ನಿಯಂತ್ರಣದ ಯೋಜನೆ ರೂಪಿಸಲು ನಿಜಾಮ್ ಸರ್ಕಾರ ಕರೆಸಿಕೊಂಡದ್ದು ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯಂತೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ರೂಪುಗೊಂಡವು. ಹೊರಗಿನ ಎಂಜಿನಿಯರ್ ಹಾಕಿಕೊಟ್ಟ ನಕ್ಷೆಯನ್ನು ಒಳಗಿನ ಇಲಾಖೆ ಮುಂದುವರಿಸಿಕೊಂಡು ಹೋಯಿತು. ಹಿಮಾಯತ್ ಸಾಗರ 1927ರಲ್ಲಿ ಪೂರ್ಣಗೊಂಡಾಗ ಇಲಾಖೆಯ ಚುಕ್ಕಾಣಿ ಅಲಿ ನವಾಜ್ ಜಂಗ್ ಅವರ ಕೈಯಲ್ಲಿತ್ತು.

1918ರಲ್ಲಿ ಅವರು ಮುಖ್ಯ ಎಂಜಿನಿಯರ್ ಆದರು. ನಂತರದ ಎರಡು ದಶಕಗಳು ಹೈದರಾಬಾದ್ ಸಂಸ್ಥಾನದ ನೀರಾವರಿ ಇತಿಹಾಸದಲ್ಲಿ ಮಹತ್ವದವು. ಕೆರೆಗಳ ನಾಡೆಂದೇ ಹೆಸರಾದ ತೆಲಂಗಾಣದಲ್ಲಿ ಪಾಲೇರು, ವೈರಾ ಮೊದಲಾದ ಜಲಾಶಯಗಳು ತಲೆಯೆತ್ತಿದವು. ಎಲ್ಲಕ್ಕೂ ಮಿಗಿಲಾದದ್ದು ಮಂಜೀರಾ ನದಿಗೆ ಅಡ್ಡಲಾಗಿ ಕಟ್ಟಿದ ನಿಜಾಮ್ ಸಾಗರ. 1923ರಲ್ಲಿ ಆರಂಭವಾದ ಕಾಮಗಾರಿ 1931ರಲ್ಲಿ ಮುಗಿಯಿತು. ನಿಜಾಮಾಬಾದ್ ಜಿಲ್ಲೆಯ 2.75 ಲಕ್ಷ ಎಕರೆಗೆ ನೀರುಣಿಸುವ ಗುರಿಯ ಯೋಜನೆ ಅದಾಗಿತ್ತು.

ಇಲ್ಲಿ ಒಂದು ನಿಷ್ಠುರ ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ. ಹೈದರಾಬಾದ್ ಸಂಸ್ಥಾನದ ಖಜಾನೆಯಿಂದ ತೆಲಂಗಾಣದ ಜಿಲ್ಲೆಗಳಲ್ಲಿ ಜಲಾಶಯಗಳು ಮೇಲೇಳುತ್ತಿದ್ದಾಗ, ಅದೇ ಖಜಾನೆಗೆ ಕಂದಾಯ ಕಟ್ಟುತ್ತಿದ್ದ ರಾಯಚೂರು ಸೀಮೆಯ ಕನ್ನಡಿಗರಿಗೆ ಏನು ದೊರೆಯಿತು? ನವಲಿಯ ರೈತ ಮುಗಿಲು ನೋಡುತ್ತ ಜೋಳ, ನವಣೆ ಬಿತ್ತುತ್ತಿದ್ದ ಕಾಲದಲ್ಲಿ ನಿಜಾಮಾಬಾದಿನ ರೈತ ಕಾಲುವೆಯ ನೀರಿನಲ್ಲಿ ಕಬ್ಬು ಬೆಳೆಯತೊಡಗಿದ್ದ. ಈ ಭಾಗ ಹಿಂದುಳಿಯಿತು ಎಂಬ ಕೊರಗಿನ ಬೇರುಗಳಲ್ಲಿ ಇದೂ ಒಂದು. ಮುಖ್ಯ ಎಂಜಿನಿಯರ್ ಆಗಿದ್ದವರನ್ನು ಇದರಿಂದ ಪೂರ್ತಿ ದೂರವಿಡಲು ಸಾಧ್ಯವಿಲ್ಲ.

ಆದರೆ ಇದರಲ್ಲಿ ಇನ್ನೊಂದು ಸಂಗತಿಯೂ ಇದೆ. ಮಂಜೀರಾ ಗಡಿ ರೇಖೆಯಾಗಿರಲಿಲ್ಲ. ಅಣೆಕಟ್ಟಿನ ಎರಡೂ ತುದಿಗಳು ನಿಜಾಮರ ನೆಲದಲ್ಲಿದ್ದವು. ಕಟ್ಟಬೇಕೆಂದು ತೀರ್ಮಾನಿಸಿದವರೂ ಹಣ ಕೊಟ್ಟವರೂ ಒಬ್ಬರೇ. ಆದ್ದರಿಂದ ಎಂಟು ವರ್ಷಗಳಲ್ಲಿ ಕೆಲಸ ಮುಗಿಯಿತು. ತುಂಗಭದ್ರೆಯಲ್ಲಿ ಪ್ರತಿ ಅಳತೆಗೂ ಎದುರು ದಡದವರ ಒಪ್ಪಿಗೆ ಬೇಕಿತ್ತು. ಬರ ಎರಡೂ ದಡಗಳಲ್ಲಿ ಒಂದೇ ಬಗೆಯಾಗಿದ್ದರೂ, ಅದನ್ನು ನೀಗಿಸಲು ಎರಡೂ ದಡಗಳಿಗೆ ಸೇರಿದ ಒಂದು ಕಚೇರಿ ಇರಲಿಲ್ಲ. ಗಡಿಯಲ್ಲಿ ಹುಟ್ಟಿದ ರೈತ ತೆತ್ತ ಬೆಲೆ ಇದು.

ಸಂಸ್ಥಾನದ ಹೊರಗೂ ಅಲಿ ನವಾಜ್ ಜಂಗ್ ಅವರ ಪರಿಣತಿಗೆ ಮನ್ನಣೆಯಿತ್ತು. ಸಿಂಧ್ ಪ್ರಾಂತ್ಯ ಆಗ ಮುಂಬಯಿ ಆಡಳಿತಕ್ಕೆ ಸೇರಿತ್ತು. ಅಲ್ಲಿ ನಿರ್ಮಾಣವಾಗುತ್ತಿದ್ದ ಸಕ್ಕರ್ ಬ್ಯಾರೇಜಿನ ಪರಿಶೀಲನೆಗೆ ಮುಂಬಯಿ ಸರ್ಕಾರ 1929ರಲ್ಲಿ ನೇಮಿಸಿದ್ದು ವಿಶ್ವೇಶ್ವರಯ್ಯ ಮತ್ತು ಅಲಿ ನವಾಜ್ ಜಂಗ್ ಅವರನ್ನು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸ್ ರಾಷ್ಟ್ರೀಯ ಯೋಜನಾ ಸಮಿತಿಯನ್ನು ರಚಿಸಿ ಜವಾಹರಲಾಲ್ ನೆಹರೂ ಅವರನ್ನು ಅದರ ಅಧ್ಯಕ್ಷರನ್ನಾಗಿಸಿದರು. ಆ ಸಮಿತಿಯಲ್ಲಿ ನದಿ ನಿಯಂತ್ರಣ ಮತ್ತು ನೀರಾವರಿಯ ಉಪಸಮಿತಿಗೆ ಅಲಿ ನವಾಜ್ ಜಂಗ್ ಅಧ್ಯಕ್ಷರು. ನಿಜಾಮರ ಸೇವೆಯಲ್ಲಿ ಬದುಕು ಸವೆಸಿದ ಅಧಿಕಾರಿಯೊಬ್ಬರನ್ನು ಸ್ವಾತಂತ್ರ್ಯ ಚಳವಳಿಯ ನಾಯಕರು ಭವಿಷ್ಯದ ಭಾರತದ ನದಿಗಳ ಕುರಿತು ಚಿಂತಿಸಲು ಆಯ್ದುಕೊಂಡದ್ದು ಸಣ್ಣ ಮಾತಲ್ಲ. ನದಿಯನ್ನು ಪ್ರಾಂತ್ಯ, ಸಂಸ್ಥಾನಗಳ ಗಡಿಗಳಿಂದಾಚೆಗೆ ಒಂದೇ ವ್ಯವಸ್ಥೆಯಾಗಿ ನೋಡಬೇಕಾದ ಹೊಣೆ ಆ ಉಪಸಮಿತಿಯದಾಗಿತ್ತು.

ತುಂಗಭದ್ರೆಯ ವಿಚಾರದಲ್ಲಿ ಅವರ ಪಾತ್ರ ಸಂಧಾನಕಾರನದು. ಮದ್ರಾಸಿನೊಂದಿಗೆ ಹೈದರಾಬಾದ್ ನಡೆಸಿದ ದೀರ್ಘ ಮಾತುಕತೆಗಳಲ್ಲಿ ಸಂಸ್ಥಾನದ ವಾದವನ್ನು ಅಂಕಿಅಂಶಗಳ ಸಮೇತ ಮಂಡಿಸಿದವರಲ್ಲಿ ಅವರು ಪ್ರಮುಖರು. ಕೊನೆಗೂ 1944ರ ಜೂನ್‌ನಲ್ಲಿ ಎರಡೂ ಸರ್ಕಾರಗಳು ಒಪ್ಪಂದಕ್ಕೆ ಬಂದವು. ಹೊಸ ಜಲಾಶಯದಿಂದ ಮದ್ರಾಸಿಗೆ 65 ಟಿಎಂಸಿ ಅಡಿ, ಹೈದರಾಬಾದಿಗೆ 65 ಟಿಎಂಸಿ ಅಡಿ ಎಂಬ ಸಮಪಾಲಿನ ಸೂತ್ರವೇ ಅದರ ತಿರುಳು. ಮರು ತಿಂಗಳು ಮೈಸೂರು ಮತ್ತು ಮದ್ರಾಸ್ ನಡುವೆ ಮೇಲ್ಭಾಗದ ನೀರಿನ ಬಗ್ಗೆ ಪ್ರತ್ಯೇಕ ಒಪ್ಪಂದವಾಯಿತು.

ಈ ಒಪ್ಪಂದದ ಒಂದು ಗುಣವನ್ನು ಗಮನಿಸಬೇಕು. ನದಿಯ ಎಲ್ಲ ನೀರನ್ನೂ, ಎಲ್ಲ ಕಾಲಕ್ಕೂ ಹಂಚಿಬಿಡುವ ಹಟವನ್ನು ಅದು ಹಿಡಿಯಲಿಲ್ಲ. ಸದ್ಯಕ್ಕೆ ಅಣೆಕಟ್ಟು ಕಟ್ಟಲು ಎಷ್ಟರ ಮಟ್ಟಿಗೆ ಒಪ್ಪಿಗೆ ಬೇಕೋ ಅಷ್ಟನ್ನು ಮಾತ್ರ ಬರೆದುಕೊಂಡಿತು. ಉಳಿದ ತಕರಾರುಗಳನ್ನು ಮುಂದಿನವರಿಗೆ ಬಿಟ್ಟಿತು. ಪೂರ್ಣ ನ್ಯಾಯ ದೊರೆಯುವವರೆಗೆ ಕಾಯುವುದಕ್ಕಿಂತ ಭಾಗಶಃ ಒಪ್ಪಿಗೆಯಿಂದ ಕೆಲಸ ಆರಂಭಿಸುವುದು ಲೇಸೆಂಬ ವ್ಯವಹಾರ ಜ್ಞಾನ ಅದರಲ್ಲಿತ್ತು. ಎಂಟು ದಶಕಗಳ ಹಟಕ್ಕಿಂತ ಈ ಒಂದು ತೀರ್ಮಾನದಿಂದ ಜನರಿಗೆ ಆದ ಲಾಭ ಹೆಚ್ಚು.

1945ರ ಫೆಬ್ರುವರಿ 28ರಂದು ನದಿಯ ಎರಡೂ ಕಡೆ ಶಂಕುಸ್ಥಾಪನೆ ನಡೆಯಿತು. ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್ ಸರ್ ಆರ್ಥರ್ ಹೋಪ್, ಎಡದಂಡೆಯಲ್ಲಿ ನಿಜಾಮರ ಹಿರಿಯ ಮಗನಾದ ಬೇರಾರಿನ ರಾಜಕುಮಾರ. ಒಂದು ಅಣೆಕಟ್ಟಿಗೆ ಎರಡು ಅಡಿಗಲ್ಲುಗಳು. ಹೊಸಪೇಟೆಯ ಕಡೆಯಿಂದ ಮದ್ರಾಸ್, ಮುನಿರಾಬಾದ್ ಕಡೆಯಿಂದ ಹೈದರಾಬಾದ್ ಕಟ್ಟುತ್ತ ಬಂದವು. ವಿನ್ಯಾಸದ ಬಗ್ಗೆ ಭಿನ್ನಾಭಿಪ್ರಾಯ ತಲೆದೋರಿದಾಗ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಎಂಜಿನಿಯರುಗಳ ಮಂಡಳಿ ದಾರಿ ತೋರಿತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯವರೆಗಿನ ಪ್ರಕ್ಷುಬ್ಧ ದಿನಗಳಲ್ಲಿ ಕಾಮಗಾರಿ ಕುಂಟಿತು. 1949ರಲ್ಲಿ ಮತ್ತೆ ಚುರುಕಾಯಿತು. ಅದೇ ವರ್ಷ ಅಲಿ ನವಾಜ್ ಜಂಗ್ ನಿಧನರಾದರು. ತಾವು ಪಾಲು ಗೊತ್ತುಪಡಿಸಿದ ನೀರು ಕಾಲುವೆಗೆ ಇಳಿಯುವುದನ್ನು ಅವರು ನೋಡಲಿಲ್ಲ. ಅವರು ಸೇವೆ ಸಲ್ಲಿಸಿದ ಸಂಸ್ಥಾನ ಅಷ್ಟರಲ್ಲಿ ಭಾರತದಲ್ಲಿ ವಿಲೀನವಾಗಿತ್ತು.

ಅವರ ಜೀವನ ಅಲ್ಲಿಗೆ ಮುಗಿದರೂ ಅವರು ಆರಂಭಿಸಿದ ಕೆಲಸದ ನಿಜವಾದ ಪರೀಕ್ಷೆ ಆನಂತರದ್ದು. 1953ರ ಜುಲೈ 1ರಂದು ಕಾಲುವೆಗೆ ನೀರು ಹರಿಯಿತು. ಮೂರು ತಿಂಗಳಲ್ಲೇ, ಅಕ್ಟೋಬರ್ 1ರಂದು, ಒಪ್ಪಂದ ಮಾಡಿಕೊಂಡಿದ್ದ ಮದ್ರಾಸ್ ರಾಜ್ಯ ಒಡೆದು ಆಂಧ್ರ ರಾಜ್ಯ ಉದಯಿಸಿತು. ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಲದಂಡೆ ಕಾಲುವೆಯ ತಲೆ ಒಂದು ರಾಜ್ಯದಲ್ಲಿ, ಬಾಲ ಇನ್ನೊಂದು ರಾಜ್ಯದಲ್ಲಿ ಎಂಬಂತಾಯಿತು. ಮೂರು ವರ್ಷಗಳ ನಂತರ, 1956ರಲ್ಲಿ, ಹೈದರಾಬಾದ್ ಕೂಡ ನಕಾಶೆಯಿಂದ ಅಳಿಸಿಹೋಗಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಒಪ್ಪಂದಕ್ಕೆ ಸಹಿ ಹಾಕಿದ ಎರಡೂ ಸರ್ಕಾರಗಳ ಸ್ವರೂಪ ಬದಲಾದರೂ ನೀರು ನಿಲ್ಲಲಿಲ್ಲ.

ಹೀಗಾಗಲು ಕಾರಣ ತುಂಗಭದ್ರಾ ಮಂಡಳಿ. ಆಂಧ್ರ ರಾಜ್ಯ ಸ್ಥಾಪನೆಯ ಕಾಯ್ದೆಯ ಅನ್ವಯ, ಆ ರಾಜ್ಯ ಹುಟ್ಟಿದ ದಿನವೇ ಈ ಮಂಡಳಿಯೂ ಅಸ್ತಿತ್ವಕ್ಕೆ ಬಂತು. ಅಧ್ಯಕ್ಷರನ್ನು ಕೇಂದ್ರ ಸರ್ಕಾರ ನೇಮಿಸುತ್ತದೆ. ಕೇಂದ್ರ, ಕರ್ನಾಟಕ, ಆಂಧ್ರಪ್ರದೇಶಗಳ ಪ್ರತಿನಿಧಿಗಳು ಸದಸ್ಯರು. 2014ರಲ್ಲಿ ತೆಲಂಗಾಣ ರಚನೆಯಾದ ಮೇಲೆ ಅದರ ಪ್ರತಿನಿಧಿಯೂ ಸೇರಿಕೊಂಡರು. ಸಿಬ್ಬಂದಿ ರಾಜ್ಯಗಳಿಂದ ನಿಯೋಜನೆಯ ಮೇಲೆ ಬರುತ್ತಾರೆ, ಖರ್ಚನ್ನು ರಾಜ್ಯಗಳು ಹಂಚಿಕೊಳ್ಳುತ್ತವೆ. ಎಡದಂಡೆ ಕಾಲುವೆಯ ನಿರ್ವಹಣೆ ಕರ್ನಾಟಕದ ಇಲಾಖೆಯದು. ಅಣೆಕಟ್ಟು ಮತ್ತು ಎರಡು ರಾಜ್ಯಗಳು ಹಂಚಿಕೊಂಡಿರುವ ಬಲದಂಡೆ ಕಾಲುವೆಗಳು ಮಂಡಳಿಯ ಸುಪರ್ದಿನಲ್ಲಿವೆ. ಬಚಾವತ್ ನ್ಯಾಯಮಂಡಳಿ ತುಂಗಭದ್ರಾ ಜಲಾಶಯದ ಬಳಕೆಯನ್ನು ಆವಿ ನಷ್ಟ ಸೇರಿದಂತೆ 230 ಟಿಎಂಸಿ ಅಡಿ ಎಂದು ಲೆಕ್ಕ ಹಾಕಿತು. ಅದರಂತೆ ಬಲದಂಡೆ ಮೇಲ್ಮಟ್ಟದ ಕಾಲುವೆಯ 50 ಟಿಎಂಸಿ ಅಡಿಯಲ್ಲಿ ಕರ್ನಾಟಕಕ್ಕೆ 17.5, ಆಂಧ್ರಕ್ಕೆ 32.5, ಕೆಳಮಟ್ಟದ ಕಾಲುವೆಯ 43ರಲ್ಲಿ ಕರ್ನಾಟಕಕ್ಕೆ 19, ಆಂಧ್ರಕ್ಕೆ 24. ಒಳಹರಿವು ಕಡಿಮೆಯಾದ ವರ್ಷ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಆದೋನಿಯ ರೈತನಿಗೆ ತನ್ನ ಹೊಲಕ್ಕೆ ಬಂದ ನೀರು ಎಷ್ಟು ಸರ್ಕಾರಗಳ ಲೆಕ್ಕದ ಪುಸ್ತಕ ದಾಟಿ ಬಂತೆಂದು ತಿಳಿಯಬೇಕಾದ ಅಗತ್ಯವೇ ಬೀಳುವುದಿಲ್ಲ. ಸರ್ಕಾರಿ ಸಂಸ್ಥೆಗಳ ಸಹಕಾರ ಯಶಸ್ವಿಯಾದುದರ ಗುರುತೇ ಇದು.

ಜಗತ್ತಿನ ಬೇರೆಡೆಯೂ ಇಂಥ ಪ್ರಯೋಗಗಳು ನಡೆದಿವೆ. ರೈನ್ ನದಿಯ ನೌಕಾಯಾನದ ಉಸ್ತುವಾರಿಗೆ ಯುರೋಪಿನ ದೇಶಗಳು 1815ರಲ್ಲಿಯೇ ಆಯೋಗವೊಂದನ್ನು ರಚಿಸಲು ಒಪ್ಪಿದವು. ಆ ದೇಶಗಳು ಪರಸ್ಪರ ಯುದ್ಧ ಮಾಡಿದವು, ಗಡಿಗಳು ಬದಲಾದವು, ಕೊನೆಗೆ ಯುರೋಪಿಯನ್ ಒಕ್ಕೂಟವೇ ಮೂಡಿತು. ಆಯೋಗ ಇಂದಿಗೂ ಕೆಲಸ ಮಾಡುತ್ತಿದೆ. ನದಿಯನ್ನು ಹಂಚಿಕೊಂಡವರ ನಡುವೆ ಸ್ನೇಹ ಇರಲೇಬೇಕೆಂದಿಲ್ಲ, ಒಟ್ಟಿಗೆ ಕುಳಿತು ಲೆಕ್ಕ ನೋಡುವ ಒಂದು ಜಾಗ ಇರಬೇಕು ಎಂಬುದನ್ನು ರೈನ್ ಕೂಡ ಹೇಳುತ್ತದೆ, ತುಂಗಭದ್ರೆಯೂ ಹೇಳುತ್ತದೆ.

ಹಾಗೆಂದು ಮಂಡಳಿಯ ಲೋಪಗಳನ್ನು ಮರೆಮಾಚುವಂತಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ತುಂಬಿದ ಜಲಾಶಯದ ಅಪಾರ ನೀರು ರೈತರ ಕಣ್ಣೆದುರೇ ಹರಿದುಹೋಯಿತು. ಏಳು ದಶಕ ಹಳೆಯ ಗೇಟುಗಳ ಸುಸ್ಥಿತಿಗೆ ಯಾರು ಹೊಣೆ ಎಂಬ ಪ್ರಶ್ನೆಗೆ ಎಲ್ಲರೂ ಇನ್ನೊಬ್ಬರತ್ತ ಬೆರಳು ತೋರಿಸಿದರು. ಎಲ್ಲರ ಸ್ವತ್ತು ಯಾರ ಸ್ವತ್ತೂ ಆಗದೆ ಉಳಿಯುವ ಅಪಾಯ ಜಂಟಿ ಸಂಸ್ಥೆಗಳಿಗೆ ಸದಾ ಇರುತ್ತದೆ. ಅದೇ ವಾರ ಇನ್ನೊಂದು ಚಿತ್ರವೂ ಕಂಡಿತು. ಆಂಧ್ರಪ್ರದೇಶದಿಂದ ಬಂದ ಹಿರಿಯ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಕರ್ನಾಟಕದ ಕಾರ್ಖಾನೆಗಳಲ್ಲಿ ತಯಾರಾದ ತಾತ್ಕಾಲಿಕ ಗೇಟನ್ನು ಕಾರ್ಮಿಕರು ಹರಿಯುವ ನೀರಿನಲ್ಲೇ ಅಳವಡಿಸಿದರು. ಮರುವರ್ಷ ಸುರಕ್ಷತೆಯ ದೃಷ್ಟಿಯಿಂದ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಿಗೊಳಿಸಬೇಕಾಯಿತು. ಹೂಳಿನ ಜೊತೆಗೆ ಗೇಟಿನ ಚಿಂತೆಯೂ ಸೇರಿತು.

ಹೂಳಿನ ಪಾಠ ಅಲಿ ನವಾಜ್ ಜಂಗ್ ಅವರ ಸ್ವಂತ ನಿರ್ಮಾಣದಲ್ಲೂ ಇದೆ. ನಿಜಾಮ್ ಸಾಗರ ಕೆಲವೇ ದಶಕಗಳಲ್ಲಿ ತನ್ನ ಸಂಗ್ರಹ ಸಾಮರ್ಥ್ಯದ ಅರ್ಧಕ್ಕೂ ಹೆಚ್ಚನ್ನು ಹೂಳಿಗೆ ಕಳೆದುಕೊಂಡಿತು. ಅಣೆಕಟ್ಟು ಶಾಶ್ವತವಲ್ಲ ಎಂಬುದನ್ನು ಆ ತಲೆಮಾರಿನ ಎಂಜಿನಿಯರುಗಳು ಸಾಕಷ್ಟು ಗಂಭೀರವಾಗಿ ಪರಿಗಣಿಸಿದಂತೆ ಕಾಣುವುದಿಲ್ಲ. ಮುಳುಗಡೆಯಾದ ಊರುಗಳ ವಿಷಯದಲ್ಲೂ ಅಷ್ಟೆ. ತುಂಗಭದ್ರಾ ಜಲಾಶಯಕ್ಕಾಗಿ ಸುಮಾರು 90 ಹಳ್ಳಿಗಳ 54 ಸಾವಿರಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ನಾರಾಯಣದೇವರಕೆರೆಯಂಥ ತುಂಬು ಊರು ನೀರಿನಡಿ ಸೇರಿತು. ಎರಡು ಸರ್ಕಾರಗಳ ಒಪ್ಪಂದದ ಮೇಜಿನಲ್ಲಿ ಆ ಊರುಗಳವರಿಗೆ ಕುರ್ಚಿ ಇರಲಿಲ್ಲ.

ನವಲಿಯ ವಿಷಯದಲ್ಲಿ ಈ ತಪ್ಪು ಮರುಕಳಿಸಬಾರದು. ಅಲ್ಲಿ ಜಲಾಶಯ ಆಗುವುದಾದರೆ ಸುತ್ತಲಿನ ಹೊಲಗಳು ಮುಳುಗಲಿವೆ. ಅವುಗಳಲ್ಲಿ ಇಂದು ದುಡಿಯುತ್ತಿರುವವರ ಮಾತನ್ನು ಮೊದಲು ಕೇಳಬೇಕು. ಕಾಲುವೆಯ ಕೊನೆಯ ಭಾಗದ ರಾಯಚೂರಿನ ರೈತರಿಗೆ, ಅನಂತಪುರ, ಕರ್ನೂಲು, ಗದ್ವಾಲದ ರೈತರಿಗೆ ಎಷ್ಟೆಷ್ಟು ನೀರು ಉಳಿಯುತ್ತದೆ ಎಂಬ ಲೆಕ್ಕವನ್ನು ಮೂರೂ ರಾಜ್ಯಗಳ ಎಂಜಿನಿಯರುಗಳು ಒಟ್ಟಾಗಿ ಮಾಡಬೇಕು. ಒಂದು ರಾಜ್ಯ ತಾನೇ ಬರೆದ ವರದಿಯನ್ನು ಇನ್ನೆರಡು ರಾಜ್ಯಗಳು ನಂಬಲೆಂದು ಅಪೇಕ್ಷಿಸುವುದು ಫಲ ಕೊಡದು. ನವಲಿಯೇ ಸೂಕ್ತವೋ, ಹೂಳೆತ್ತುವುದು ಅಗ್ಗವೋ, ಬಲದಂಡೆಯ ಸಮಾನಾಂತರ ಕಾಲುವೆಯನ್ನೂ ಜೊತೆಗೆ ಪರಿಗಣಿಸಬಹುದೋ ಎಂಬುದು ಅಂಥ ಜಂಟಿ ಅಧ್ಯಯನದಿಂದ ತೀರ್ಮಾನವಾಗಬೇಕಾದ ವಿಷಯ. ಎಲ್ಲ ತಕರಾರುಗಳೂ ಬಗೆಹರಿಯುವವರೆಗೆ ಕಾಯುವ ಬದಲು, ಒಪ್ಪಬಹುದಾದಷ್ಟನ್ನು ಈಗಲೇ ಒಪ್ಪಿಕೊಳ್ಳುವ ಮಾರ್ಗವೂ ಇದೆ.

ನಿಜಾಮರ ಸಂಸ್ಥಾನ ಮತ್ತು ಬ್ರಿಟಿಷರ ಪ್ರಾಂತ್ಯ ವಿಶ್ವಯುದ್ಧದ ನಡುವೆಯೂ ಮಾಡಿಕೊಳ್ಳಬಹುದಾದ ಒಪ್ಪಂದವನ್ನು, ಒಂದೇ ಸಂವಿಧಾನದಡಿ ಇರುವ ಮೂರು ರಾಜ್ಯಗಳು ಮಾಡಿಕೊಳ್ಳಲಾರವೆಂದರೆ ನಂಬುವುದು ಕಷ್ಟ. ನವಲಿಯ ಕಡತ ಮಂಡಳಿಯ ಮುಂದೆ ಮತ್ತೆ ಬರುವಾಗ, ಸಭೆಗೆ ಹೋಗುವವರು 1944ರ ಒಪ್ಪಂದದ ಪುಟಗಳನ್ನು ಒಮ್ಮೆ ಓದಿಕೊಂಡು ಹೋಗುವುದು ಒಳಿತು.